ಕಾಲೇಜುಗಳಿಗೆ ಸ್ವಂತ ಫೈಬರ್ ಯಾಕೆ ಬೇಕು?

ಪ್ರಶ್ನೆ: ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು ಸೇರಿಕೊಂಡು ತಮ್ಮದೇ ಫೈಬರ್ ನೆಟ್‌ವರ್ಕ್ ಮಾಡಿಕೊಳ್ಳುತ್ತವಂತೆ. ಕಂಪನಿಯಿಂದ ಇಂಟರ್ನೆಟ್ ತಗೊಂಡರೆ ಸಾಲದಾ?

ಉತ್ತರ: ಮೇಲ್ ನೋಡೋಕೆ, ವಿಡಿಯೋ ಪಾಠ ಕೇಳೋಕೆ ಧಾರಾಳ ಸಾಕು. ಕಷ್ಟ ಶುರುವಾಗುವುದು ಡೇಟಾ ರಾಶಿ ಬಿದ್ದಾಗ. ಯಾವುದೋ ಟೆಲಿಸ್ಕೋಪ್ 10 ಟೆರಾಬೈಟ್ ಡೇಟಾ ಕೊಟ್ಟಿತು ಅಂದುಕೊಳ್ಳಿ. 100 ಎಂಬಿಪಿಎಸ್ ಲೈನಿನಲ್ಲಿ ಅದು ದಾಟಲು ಒಂಬತ್ತು ದಿನಕ್ಕೂ ಜಾಸ್ತಿ ಬೇಕು. 10 ಜಿಬಿಪಿಎಸ್ ಇದ್ದರೆ ಎರಡೂಕಾಲು ಗಂಟೆ, ಅದೂ ಲೈನ್ ಪೂರ್ತಿ ನಿಮಗೇ ಸಿಕ್ಕರೆ. ಎಲ್ಲರೂ ಹಂಚಿಕೊಂಡ ಲೈನಿನಲ್ಲಿ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ (ಡೇಟಾದ ಸಣ್ಣ ತುಂಡು) ಕಳೆದುಹೋಗುತ್ತೆ, ಕಳೆದಾಗಲೆಲ್ಲ ಟಿಸಿಪಿ (ಡೇಟಾ ತಪ್ಪದೆ ತಲುಪುವಂತೆ ನೋಡಿಕೊಳ್ಳುವ ವ್ಯವಸ್ಥೆ) ವೇಗ ಇಳಿಸುತ್ತೆ, ದೂರ ಹೆಚ್ಚಿದಷ್ಟೂ ಮತ್ತೆ ಚೇತರಿಸಿಕೊಳ್ಳೋದು ನಿಧಾನ. ಜಿನೀವಾದ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್ ತನ್ನ ಡೇಟಾವನ್ನು ಬೇರೆ ದೇಶಗಳಿಗೆ ಕಳಿಸಲು ಪ್ರತ್ಯೇಕ ನೆಟ್‌ವರ್ಕ್ ಇಟ್ಟುಕೊಂಡಿರುವುದು ಸುಮ್ನೆ ಅಲ್ಲ.

ಹಾಗಂತ ಎಲ್ಲರೂ ನೆಲ ಅಗೆಯಬೇಕಿಲ್ಲ. ದುಡ್ಡು ನುಂಗುವುದು ಅಗೆತ ಮತ್ತು ಪರವಾನಗಿ, ಫೈಬರಿನ ಗಾಜಿನ ಎಳೆಯಲ್ಲ. ಅದಕ್ಕೇ ಕೇಬಲ್ ಹಾಕುವವರು ಒಂದೇ ಸಲ ಜಾಸ್ತಿ ಎಳೆ ಹಾಕಿಬಿಟ್ಟಿರುತ್ತಾರೆ. ಬೆಳಕು ಹರಿಯದೆ ಬಿದ್ದಿರುವ ಆ ಎಳೆಗಳೇ ಡಾರ್ಕ್ ಫೈಬರ್. ಒಂದು ಜೋಡಿಯನ್ನು 15–20 ವರ್ಷಕ್ಕೆ ಗುತ್ತಿಗೆಗೆ ಹಿಡಿದುಕೊಂಡು ಎರಡೂ ತುದಿಗೆ ಸ್ವಂತ ಉಪಕರಣ ಕೂರಿಸಿದರೆ, ಕಣ್ಣಿಗೆ ಕಾಣದ 80ಕ್ಕೂ ಹೆಚ್ಚು 'ಬಣ್ಣ'ಗಳನ್ನು (ಬೆಳಕಿನ ಬೇರೆ ಬೇರೆ ತರಂಗಾಂತರಗಳನ್ನು) ಒಟ್ಟಿಗೆ ಕಳಿಸಬಹುದು, ಒಂದೊಂದರಲ್ಲೂ 100 ಜಿಬಿಪಿಎಸ್. ನಾಳೆ 400 ಬೇಕಾದರೆ ತುದಿಯ ಪೆಟ್ಟಿಗೆ ಬದಲಾಗುತ್ತೆ, ನೆಲದೊಳಗಿನದ್ದು ಹಾಗೇ ಇರುತ್ತೆ. ನನ್ನ ಪ್ರಕಾರ ಅಸಲಿ ಲಾಭ ಇದೇ, ಇವತ್ತಿನ ಸ್ಪೀಡ್ ಅಲ್ಲ.

ಆದರೆ ಉಸ್ತುವಾರಿಯೂ ನಿಮ್ಮದೇ. ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ಬೆಳಕು ಸೋರುತ್ತೆ. 80 ಕಿ.ಮೀ. ದಾಟುವಷ್ಟರಲ್ಲಿ ನಲವತ್ತರಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತೆ. ಅಲ್ಲಿ ಬೆಳಕಿಗೆ ಮತ್ತೆ ಬಲ ಕೊಡುವ ಒಂದು ಆಂಪ್ಲಿಫೈಯರ್ ಬೇಕು, ಅದಕ್ಕೆ ಕರೆಂಟು, ಬ್ಯಾಟರಿ, ಬೀಗ. ಕನೆಕ್ಟರ್ ಮೇಲೆ ಒಂದು ಧೂಳಿನ ಕಣ ಕೂತರೂ ಆಟ ಕೆಡುತ್ತೆ, ಯಾಕಂದ್ರೆ ಬೆಳಕು ಹೋಗುವ ದಾರಿಯೇ 9 ಮೈಕ್ರಾನ್ ಅಗಲ.

ಪ್ರಶ್ನೆ: ಜೆಸಿಬಿ ಬಂದು ಕೇಬಲ್ ಕಿತ್ತರೆ?

ಉತ್ತರ: ಕೀಳುತ್ತೆ, ಅನುಮಾನವೇ ಬೇಡ. ಎಲ್ಲಿ ತುಂಡಾಗಿದೆ ಅಂತ ಓಟಿಡಿಆರ್ (ಬೆಳಕು ಕಳಿಸಿ, ಅದು ವಾಪಸ್ ಬರೋದನ್ನು ಅಳೆಯುವ ಉಪಕರಣ) ಹೇಳುತ್ತೆ, ತುದಿಗಳನ್ನು ಬೆಸೆಯುವವರು ಬರುವ ತನಕ ಡೇಟಾ ಇನ್ನೊಂದು ದಾರಿಯಲ್ಲಿ ಹೋಗಬೇಕು. ಅದಕ್ಕೇ ರಿಂಗ್, ಅಂದರೆ ಎರಡೂ ಕಡೆಯಿಂದ ತಲುಪಬಹುದಾದ ಉಂಗುರದಂಥ ಜೋಡಣೆ. ಕಾಗದದ ಮೇಲೆ ಎರಡು ದಾರಿ ಇರುತ್ತೆ, ನಿಜದಲ್ಲಿ ಎರಡೂ ಒಂದೇ ಸೇತುವೆ ಮೇಲಿನ ಒಂದೇ ಪೈಪಿನಲ್ಲಿ ಹೋಗಿರುತ್ತೆ! ಎಳೆ ಹೋಗಿರುವ ಮ್ಯಾಪನ್ನು ಸಹಿ ಹಾಕುವ ಮೊದಲೇ ಕೇಳಿ. ಆಮೇಲೆ ಕೇಳಿದರೆ ಕೊಡೋಕೆ ಯಾರಿಗೂ ಅವಸರ ಇರಲ್ಲ.