ಮರದ್ರಾಕ್ಷಿಗೆ ಕಾಫಿ ಕಸಿ ಬೇಡ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಜಬೋಟಿಕಾಬ ಕುರಿತಾದವು. ಬ್ರೆಜಿಲ್ ಮೂಲದ ಈ ಗಿಡ ಹಲಸು, ಅತ್ತಿಯ ಹಾಗೆ ಕಾಂಡದಲ್ಲೇ ಹಣ್ಣು ಬಿಡುತ್ತದೆ. ಕಪ್ಪು ದ್ರಾಕ್ಷಿಯಂತೆ ಕಾಣುವುದರಿಂದ ಮರದ್ರಾಕ್ಷಿ ಅನ್ನುವವರೂ ಇದ್ದಾರೆ. ನೇರಳೆ, ಸೀಬೆ, ಪನ್ನೇರಳೆ, ಲವಂಗ ಇದರ ನೆಂಟರು.

ಸಕಲೇಶಪುರ ತಾಲ್ಲೂಕಿನಿಂದ: ಬೀಜದಿಂದ ಎದ್ದ ಗಿಡ, ಒಂಬತ್ತು ವರ್ಷವಾಯಿತು. ಮನೆಯ ಪಕ್ಕ, ಕಾಫಿ ತೋಟದ ಅಂಚಿನಲ್ಲಿದೆ. ಪ್ರತಿವರ್ಷ ಕಾಫಿ ಕಸಿ ಮಾಡಲು ಬರುವವರೇ ಇದನ್ನೂ ಐದಡಿಗೆ ತಲೆ ಕತ್ತರಿಸಿ, ಹಳೇ ರೆಂಬೆ ತೆಗೆದು ಹೋಗುತ್ತಾರೆ. ಪೊದೆಯಂತೆ ದಟ್ಟವಾಗಿದೆ, ಒಂದು ಹೂವೂ ಇಲ್ಲ. ಏನು ಮಾಡಲಿ?

ಮೊದಲು ಆ ಕಸಿ ನಿಲ್ಲಿಸಿ. (ಮಲೆನಾಡಿನಲ್ಲಿ ಸವರುವುದಕ್ಕೂ ಕಸಿ, ಗಿಡಕ್ಕೆ ಗಿಡ ಕಟ್ಟುವುದಕ್ಕೂ ಕಸಿ. ಇಲ್ಲಿ ಹೇಳುತ್ತಿರುವುದು ಸವರುವ ಕಸಿ.) ಕಾಫಿ ಹೂ ಬಿಡುವುದು ಹಿಂದಿನ ವರ್ಷ ಬೆಳೆದ ರೆಂಬೆಯಲ್ಲಿ. ಹಾಗಾಗಿ ಫಸಲು ಕೊಟ್ಟು ಮುಗಿಸಿದ ಹಳೇ ರೆಂಬೆ ತೆಗೆದು ಹೊಸದಕ್ಕೆ ಜಾಗ ಮಾಡುವುದೇ ಕಾಫಿ ಕಸಿಯ ಲೆಕ್ಕ. ಜಬೋಟಿಕಾಬದ ಲೆಕ್ಕ ಇದಕ್ಕೆ ತಿರುಗು. ಹೂಮೊಗ್ಗು ಹುಟ್ಟುವುದು ಬಲಿತ ಕಾಂಡ ಮತ್ತು ಹಳೇ ಕೊಂಬೆಗಳ ತೊಗಟೆಯಿಂದ. ಕಾಫಿ ಕಸಿಯವರ ಕಣ್ಣಿಗೆ ಕೆಲಸ ಮುಗಿಸಿದಂತೆ ಕಾಣುವ ಕೊಂಬೆಯೇ ಇಲ್ಲಿ ಫಸಲು ಹೊರುವ ಕೊಂಬೆ. ಅದು ವರ್ಷವರ್ಷ ಕತ್ತಿಗೆ ಹೋಗಿದೆ. ಉಳಿದ ತುದಿಗಳು ಪೊರಕೆಯಂತೆ ಚಿಗುರಿವೆ. ಗಿಡ ಕೂಡಿಟ್ಟ ಆಹಾರವೆಲ್ಲ ಸೊಪ್ಪಿಗೆ ಖರ್ಚಾಗಿದೆ.

ತಪ್ಪೆಲ್ಲ ಕತ್ತಿಯದೇ ಅಲ್ಲ. ಸಬಾರಾ ತಳಿಯ ಬೀಜದ ಗಿಡ ಫಲಕ್ಕೆ ಬರಲು ಸಾಮಾನ್ಯವಾಗಿ 8ರಿಂದ 15 ವರ್ಷ ಬೇಕು. ಒಂಬತ್ತಕ್ಕೆ ಕಾಯಿಲ್ಲ ಎಂದು ಗಾಬರಿ ಬೇಡ.

ಈಗ ಮಾಡಬೇಕಾದ್ದು ಎರಡು ವರ್ಷದ ಕೆಲಸ. ಕಾಲ ಅಕ್ಟೋಬರ್ ಕೊನೆಯಿಂದ ನವೆಂಬರ್. ಮಳೆ ಹಿಂದೆ ಸರಿದು ಗಾಯ ಒಣಗುವಷ್ಟು ಬಿಸಿಲು ಬಂದಿರಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಕತ್ತರಿ ಮುಟ್ಟಬೇಡಿ, ಆ ತೇವದಲ್ಲಿ ಗಾಯದಿಂದಲೇ ಕೊಂಬೆ ಒಣಗುತ್ತಾ ಬರುತ್ತದೆ. ತೊಗಟೆಯ ಮೇಲೆ ಸಾಸಿವೆಯಂತಹ ಹಸಿರು ಚುಕ್ಕೆ ಕಂಡಿದ್ದರೆ ಅದು ಹೂಮೊಗ್ಗು, ಆಗಲೂ ಬೇಡ.

ಗಿಡದೊಳಗೆ ತಲೆ ಹಾಕಿ ಬುಡದಿಂದ ನೋಡಿ. ಈ ಮರ ಸಹಜವಾಗಿಯೇ ಹಲವು ಕಾಂಡದ್ದು. ಒಂದೇ ಕಾಂಡ ಮಾಡಲು ಹೋಗಬೇಡಿ, ಕಾಂಡ ಹೆಚ್ಚಿದಷ್ಟೂ ಹಣ್ಣು ಕೂರುವ ಜಾಗ ಹೆಚ್ಚು. ದಿಕ್ಕಿಗೊಂದರಂತೆ ಹರಡಿದ, ಗಟ್ಟಿಯಾದ ಮೂರರಿಂದ ಐದು ಕಾಂಡ ಆರಿಸಿ ದಾರ ಕಟ್ಟಿ ಗುರುತು ಮಾಡಿ. ಅವಕ್ಕೆ ಮತ್ತೆಂದೂ ತಲೆ ಕತ್ತರಿಸಬಾರದು. ಐದಡಿಯ ಹಳೇ ಗಾಯದ ಕೆಳಗೆ ಎದ್ದ ಚಿಗುರುಗಳಲ್ಲಿ ಹೊರಮುಖವಾದ ಒಂದೋ ಎರಡೋ ಉಳಿಸಿ, ಮಿಕ್ಕವನ್ನು ತೆಗೆಯಿರಿ. ಆಮೇಲೆ ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಒಳಮುಖವಾಗಿ ತಿರುಗಿದ್ದು. ಕೊನೆಗೆ ಒಳಗಿನ ಪೆನ್ಸಿಲ್‌ಗಿಂತ ತೆಳ್ಳನೆಯ ಕಡ್ಡಿಗಳು. ನಿಜವಾದ ಕೆಲಸ ಇರುವುದು ಈ ಕಡ್ಡಿಗಳಲ್ಲಿಯೇ. ಅವು ತೆರವಾದರೆ ದಪ್ಪ ಕೊಂಬೆಗಳಿಗೆ ಬೆಳಕು ಬೀಳುತ್ತದೆ, ಗಾಳಿಯಾಡುತ್ತದೆ, ಹೂ ಬಿಟ್ಟಾಗ ಜೇನುಹುಳ ಒಳಗೆ ಬರುತ್ತದೆ. ನೆಲಕ್ಕೆ ತಾಗುವ ಸೊಪ್ಪನ್ನು ಒಂದಡಿ ಎತ್ತರದವರೆಗೆ ಎತ್ತಿದರೆ ಸಾಕು.

ಒಂದು ವರ್ಷಕ್ಕೆ ಒಟ್ಟು ಸೊಪ್ಪಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ, ಉಳಿದದ್ದು ಮುಂದಿನ ವರ್ಷಕ್ಕೆ. ನೆರಳಲ್ಲಿ ಬೆಳೆದ ತೆಳು ತೊಗಟೆ ಒಮ್ಮೆಲೇ ಪಶ್ಚಿಮದ ಬಿಸಿಲಿಗೆ ಒಡ್ಡಿಕೊಂಡರೆ ಸುಟ್ಟು ಬಿರಿಯುತ್ತದೆ. ಹೂ ಬರಬೇಕಾದ್ದು ಅದೇ ತೊಗಟೆಯಲ್ಲಿ.

ಕತ್ತಿ ಬೇಡ. ಕಸಿ ಕತ್ತರಿ ಮತ್ತು ಸಣ್ಣ ಗರಗಸ ಸಾಕು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು ಇರುತ್ತದೆ, ಅದರ ಹೊರಗೆ ಕತ್ತರಿಸಿ. ಉಬ್ಬನ್ನೇ ಸವರಿದರೆ ಗಾಯ ಮುಚ್ಚುವುದಿಲ್ಲ, ಮೋಟು ಬಿಟ್ಟರೆ ಅದು ಕೊಳೆತು ಒಳಕ್ಕಿಳಿಯುತ್ತದೆ. ಹೆಬ್ಬೆರಳಿಗಿಂತ ದಪ್ಪದ ಗಾಯಕ್ಕೆ ಮಾತ್ರ ಬೋರ್ಡೋ ಮುಲಾಮು. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಬೇರೆಬೇರೆಯಾಗಿ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಕರಗಿಸಿ, ಸೇರಿಸಿ, ಅವತ್ತೇ ಹಚ್ಚಬೇಕು. ಹೊಳೆಯುವ ಚಾಕು ಅದ್ದಿದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಬೆರೆಸಿ.

ಕಾಂಡದ ತೊಗಟೆ ಸೀಬೆ ಮರದ ಹಾಗೆ ಚಕ್ಕೆಚಕ್ಕೆಯಾಗಿ ಕಳಚುವುದು ರೋಗವಲ್ಲ. ಅದನ್ನು ಕೆರೆದು ತೆಗೆಯಬೇಡಿ, ಹೂ ಹೊರಡುವ ಸಣ್ಣ ಗಂಟುಗಳು ಹಾಳಾಗುತ್ತವೆ. ಕಾಯಿ ಬಿಡದ ಮರಕ್ಕೆ ಕತ್ತಿಯಿಂದ ಕಚ್ಚು ಹಾಕುವ ಹಳೇ ಪದ್ಧತಿಯನ್ನೂ ಇಲ್ಲಿ ಪ್ರಯೋಗಿಸಬೇಡಿ.

ಮಲೆನಾಡಿನಲ್ಲಿ ಇನ್ನು ಮೂರು ಕಡೆ ಎಡವುತ್ತಾರೆ. ತೋಟಕ್ಕೆ ಸುಣ್ಣ ಎರಚುವಾಗ ಇದರ ಬುಡಕ್ಕೂ ಎರಚುವುದು ಮೊದಲನೆಯದು. ಜಬೋಟಿಕಾಬಕ್ಕೆ ಬೇಕಾದ ಮಣ್ಣಿನ ರಸಸಾರ (ಪಿಎಚ್) 5.5ರಿಂದ 6.5. ಮಣ್ಣು ಪರೀಕ್ಷೆಯಲ್ಲಿ ಇಷ್ಟು ಇದ್ದರೆ ಸುಣ್ಣ ಬೇಡವೇ ಬೇಡ. ಎರಡು, ಅಗತೆ. ಹೀರುಬೇರುಗಳು ಮೇಲಿನ ಒಂದಡಿ ಮಣ್ಣಿನಲ್ಲೇ ಬಲೆಯಂತೆ ಹರಡಿರುತ್ತವೆ, ಗುದ್ದಲಿ ಹಾಕಿದರೆ ಅವೇ ಕಡಿಯುತ್ತವೆ. ಕಳೆಯನ್ನು ಕೈಯಲ್ಲಿ ಕಿತ್ತು, ನಾಲ್ಕು ಇಂಚು ತರಗೆಲೆ ಹೊದಿಸಿ, ಕಾಂಡದಿಂದ ಒಂದು ಗೇಣು ದೂರ ಇರಲಿ. ಮೂರು, ನೆರಳು. ಅರ್ಧ ನೆರಳು ಸಹಿಸುತ್ತದೆ, ಆದರೆ ಸಿಲ್ವರ್ ಓಕ್, ಹಾಲುವಾಣದ ಗಾಢ ನೆರಳಲ್ಲಿ ಹೂ ಕಡಿಮೆ. ಮರಗಸಿ (ತೋಟದ ನೆರಳು ಮರ ಸವರುವುದು) ಮಾಡುವಾಗ ಇದರ ನೆತ್ತಿಯ ಮೇಲಿನ ಕೊಂಬೆಗಳನ್ನು ಇಳಿಸಿ.

ಗೊಬ್ಬರಕ್ಕೆ ಈ ವಯಸ್ಸಿನ ಗಿಡಕ್ಕೆ ಮಳೆಗೆ ಮುಂಚೆ 15 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಕೆಜಿ ಬೇವಿನ ಹಿಂಡಿ. 17:17:17 ರಸಗೊಬ್ಬರ ಹಾಕುವುದಾದರೆ ವರ್ಷಕ್ಕೆ 250 ಗ್ರಾಂ, ಫೆಬ್ರವರಿ, ಮೇ, ಸೆಪ್ಟೆಂಬರ್‌ಗೆ ಹಂಚಿ. ಯೂರಿಯಾ ಬೇಡ, ಸೊಪ್ಪು ನಿಮ್ಮಲ್ಲಿ ಈಗಾಗಲೇ ಬೇಕಾದಷ್ಟಿದೆ.

ಹೂವಿಗೆ ಮಾತ್ರ ಕಾಫಿಯ ಬುದ್ಧಿಯೇ ಕೆಲಸಕ್ಕೆ ಬರುತ್ತದೆ. ಹೂಮಳೆಗೆ ಕಾಫಿ ಅರಳುವ ಹಾಗೆ ಇದೂ ಸ್ವಲ್ಪ ಒಣಗಿ, ಮತ್ತೆ ನೆನೆದಾಗ ಮೊಗ್ಗೊಡೆಯುತ್ತದೆ. ಜನವರಿಯಲ್ಲಿ ಮೂರು ವಾರ ನೀರು ಕಡಿಮೆ ಮಾಡಿ; ಎಲೆ ಬಾಡುವಷ್ಟು ಅಲ್ಲ. ಫೆಬ್ರವರಿಯಲ್ಲಿ ಒಂದು ದಿನ ಕೊಂಬೆಗಳ ಹರವಿನಷ್ಟೂ ಅಗಲಕ್ಕೆ 100 ಲೀಟರ್ ನಿಧಾನವಾಗಿ ಇಂಗಿಸಿ. ಆಮೇಲೆ ಮೂರು ದಿನಕ್ಕೊಮ್ಮೆ 40 ಲೀಟರ್, ಹಣ್ಣು ಮುಗಿಯುವವರೆಗೆ ತಪ್ಪಿಸದೆ. ಹೂಮಳೆಯ ನಂತರದ ಮಳೆ ಕೈಕೊಟ್ಟರೆ ಕಾಫಿ ಸರಿಯಾಗಿ ಕಾಯಿ ಕಟ್ಟುವುದಿಲ್ಲ ಎಂದು ನಿಮಗೆ ಹೇಳಬೇಕಿಲ್ಲ.

ಕಡೂರಿನಿಂದ: ನೆಲದಲ್ಲಿ ನೆಟ್ಟ ನಾಲ್ಕು ವರ್ಷದ ಗಿಡ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಹಳೇ ಎಲೆಯ ತುದಿ ಸುಟ್ಟಂತಿದೆ. ಬೋರ್‌ವೆಲ್ ನೀರು ಕೊಡುತ್ತಿದ್ದೇವೆ.

ಹಳದಿಗೆ ಕಾರಣ ಕಬ್ಬಿಣದ ಕೊರತೆ, ಆದರೆ ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಸುಣ್ಣದ ಅಂಶವಿರುವ ಮಣ್ಣು, ಗಡಸು ನೀರು ಎರಡೂ ಸೇರಿ ಕಬ್ಬಿಣವನ್ನು ಬೇರಿಗೆ ಸಿಗದಂತೆ ಕಟ್ಟಿಹಾಕುತ್ತವೆ. ತುದಿ ಸುಡುವುದು ಉಪ್ಪಿನಿಂದ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆಯೇ ನೋಡಿ. ಬುಡದ ಒಣ ಮಣ್ಣಿನ ಮೇಲೆ ನಾಲ್ಕು ಹನಿ ವಿನಿಗರ್ ಬಿಡಿ. ನೊರೆಯೆದ್ದರೆ ಮಣ್ಣಿನಲ್ಲೇ ಸುಣ್ಣವಿದೆ. ಮುಂದಿನ ದಾರಿ ಇದರ ಮೇಲೆ ನಿಂತಿದೆ.

ನೊರೆ ಬರದಿದ್ದರೆ ದೋಷ ನೀರಿನದು. ಚಾವಣಿಯ ಮಳೆನೀರು ಹಿಡಿದು ಕೊಡುವುದಕ್ಕಿಂತ ಒಳ್ಳೆಯ ಮದ್ದಿಲ್ಲ. ಅದು ಮುಗಿದ ಮೇಲೆ 10 ಲೀಟರ್ ಬೋರ್ ನೀರಿಗೆ 2ರಿಂದ 3 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಕೊಡಿ. ತಕ್ಷಣದ ಚೇತರಿಕೆಗೆ ಲೀಟರ್‌ಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹದಿನೈದು ದಿನಕ್ಕೊಮ್ಮೆ ಮೂರು ಸಲ. ಬಿಸಿಲಲ್ಲಿ ಹೊಡೆದರೆ ಎಲೆ ಕಪ್ಪಾಗುತ್ತದೆ. ಬುಡಕ್ಕೆ ಚೀಲೇಟೆಡ್ ಕಬ್ಬಿಣ (ಮಣ್ಣಿನಲ್ಲಿ ಕಟ್ಟಿಹೋಗದಂತೆ ತಯಾರಿಸಿದ್ದು) ತರುವಾಗ ಪೊಟ್ಟಣ ಓದಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇಡಿಟಿಎ ಕ್ಷಾರ ಮಣ್ಣಿನಲ್ಲಿ ನಿಲ್ಲುವುದಿಲ್ಲ, ನಿಮಗೆ ಬೇಕಾದದ್ದು ಇಡಿಡಿಎಚ್‌ಎ. 10 ಲೀಟರ್ ನೀರಿಗೆ 10 ಗ್ರಾಂ ಒಂದು ಗಿಡಕ್ಕೆ. ಈಗಾಗಲೇ ಹಳದಿಯಾದ ಎಲೆ ಪೂರ್ತಿ ಹಸಿರಾಗದೇ ಇರಬಹುದು; ಮುಂದಿನ ಚಿಗುರು ನೋಡಿ ಫಲಿತಾಂಶ ಅಳೆಯಿರಿ.

ನೊರೆ ಜೋರಾಗಿ ಬಂದರೆ ಆ ಮಣ್ಣನ್ನು ಗಂಧಕ ಹಾಕಿ ತಿದ್ದುವ ಕೆಲಸಕ್ಕೆ ಕೊನೆಯಿಲ್ಲ. ಮಳೆಗಾಲದ ಶುರುವಿನಲ್ಲಿ ಒಂದೂವರೆ ಅಡಿ ಅಗಲದ ಬೇರುಗಡ್ಡೆ ಸಮೇತ ಎತ್ತಿ ದೊಡ್ಡ ಡ್ರಮ್ಮಿಗೆ ವರ್ಗಾಯಿಸುವುದೇ ಮೇಲು. ನಾರುಬೇರಿನ ಗಿಡವಾದ್ದರಿಂದ ಸ್ಥಳಾಂತರ ತಡೆದುಕೊಳ್ಳುತ್ತದೆ.

ಹಾಸನ ನಗರದಿಂದ: ತಾರಸಿಯ ಡ್ರಮ್ಮಿನಲ್ಲಿ ರೆಡ್ ಹೈಬ್ರಿಡ್ ತಳಿಯ ಜಬೋಟಿಕಾಬ ಇದೆ. ಹೂ ಧಾರಾಳ ಬರುತ್ತದೆ, ಬಟಾಣಿ ಗಾತ್ರವಾಗುವಷ್ಟರಲ್ಲಿ ಕಾಯಿ ಉದುರುತ್ತದೆ. ಎರಡನೇ ಗಿಡ ಬೇಕೇ?

ಬೇಡ, ಒಂದೇ ಗಿಡ ಸಾಕು, ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಉದುರುವುದು ನೀರಿನ ಏರುಪೇರಿನಿಂದ. ಮಾರ್ಚ್‌ನ ಒಣ ಗಾಳಿಗೆ ಕಾಯಿ ಹೊತ್ತ ಗಿಡಕ್ಕೆ ಎರಡು ದಿನ ನೀರು ತಪ್ಪಿದರೂ ಸಾಕು. ದಿನಾ ಹಾಕುತ್ತೇವಲ್ಲ ಅನ್ನುವಿರಾದರೆ ಕಡ್ಡಿಯೊಂದನ್ನು ಡ್ರಮ್ಮಿನ ನಡುವೆ ಅರ್ಧ ಅಡಿ ಚುಚ್ಚಿ ತೆಗೆಯಿರಿ. ಒಣಗಿ ಬಂದರೆ ನೀರು ಬೇರಿಗೆ ಇಳಿಯದೆ ಅಂಚಿನಿಂದ ಜಾರಿ ಹೋಗುತ್ತಿದೆ. ತೆಂಗಿನ ನಾರಿನ ಪುಡಿ ಒಮ್ಮೆ ಪೂರ್ತಿ ಒಣಗಿದರೆ ಹೀಗೇ ನೀರು ಕುಡಿಯುವುದಿಲ್ಲ. ಅರ್ಧ ಗಂಟೆ ಅಂತರದಲ್ಲಿ ಮೂರು ಸಲ ಸ್ವಲ್ಪಸ್ವಲ್ಪ ಹಾಕಿ ನೆನೆಸಿ, ಮೇಲೆ ಎಲೆ ಹೊದಿಸಿ, ಡ್ರಮ್ಮಿನ ಸುತ್ತ ಗೋಣಿಚೀಲ ಸುತ್ತಿ. ಕಾದ ಡ್ರಮ್ಮಿನ ಗೋಡೆಗೆ ತಾಗಿದ ಬೇರು ಸಾಯುತ್ತದೆ.

200 ಲೀಟರ್‌ನ ನೀಲಿ ಡ್ರಮ್ಮನ್ನು ಅಡ್ಡ ಕೊಯ್ದ ಅರ್ಧ ಭಾಗ ಬಹುಕಾಲ ಸಾಕಾಗುತ್ತದೆ. ಕೆಂಪು ಮಣ್ಣು ನಾಲ್ಕು ಪಾಲು, ಕಳಿತ ಗೊಬ್ಬರ ಮೂರು, ತೊಳೆದ ನಾರಿನ ಪುಡಿ ಎರಡು, ಮರಳು ಒಂದು. ಮೂರು–ನಾಲ್ಕು ವರ್ಷಕ್ಕೊಮ್ಮೆ ಮಳೆಗಾಲದ ಮೊದಲ ವಾರಗಳಲ್ಲಿ ಗಿಡ ಹೊರತೆಗೆದು ಬೇರುಗಡ್ಡೆಯ ಸುತ್ತ ಎರಡು ಇಂಚು ಸವರಿ ಹೊಸ ಮಣ್ಣು ತುಂಬಿ. ಆಗ ಒಳಗಿನ ಕಡ್ಡಿಗಳನ್ನೂ ಸ್ವಲ್ಪ ಕಳೆದರೆ ಬೇರಿನ ಹೊರೆ ತಗ್ಗುತ್ತದೆ. ಮಳೆಗಾಲದಲ್ಲಿ ಕತ್ತರಿ ಬೇಡ ಎಂಬ ಮಾತಿಗೆ ಇದೊಂದು ವಿನಾಯಿತಿ. ತೆಗೆಯುವುದು ಕಡ್ಡಿಗಳನ್ನಷ್ಟೇ, ಅದೂ ಮಳೆ ಬಿಡುವು ಕೊಟ್ಟ ದಿನ.

ಮೂಡಿಗೆರೆಯಿಂದ: ಬೀಜ ಹಾಕಲೇ, ಕಸಿ ಗಿಡ ತರಲೇ?

ಬೇಗ ಹಣ್ಣು ಬೇಕಿದ್ದರೆ ಕಸಿ ಕಟ್ಟಿದ ಸಬಾರಾ ಅಥವಾ ರೆಡ್ ಹೈಬ್ರಿಡ್. ಎರಡೂ ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೆ ಫಲ ಕೊಡುತ್ತವೆ. ಸಬಾರಾ ಎಂದು ಹೈಬ್ರಿಡ್ ಮಾರುವುದುಂಟು. ಸಬಾರಾದ ಎಲೆ ಚಿಕ್ಕದು, ಕಿರಿದು. ಹೈಬ್ರಿಡ್‌ನದು ಅದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು. ರುಚಿಯಲ್ಲಿ ಸಬಾರಾಕ್ಕೇ ನಮ್ಮ ಮತ.

ಬೀಜವಾದರೆ ಹಣ್ಣು ತಿಂದ ದಿನವೇ ತಿರುಳು ತೊಳೆದು ಒಂದು ಸೆಂಟಿಮೀಟರ್ ಆಳಕ್ಕೆ ಹಾಕಿ. ಒಣಗಿಸಿಟ್ಟ ಬೀಜ ಹುಟ್ಟುವುದಿಲ್ಲ, ಹಾಗಾಗಿ ಪೊಟ್ಟಣದ ಒಣ ಬೀಜಕ್ಕೆ ದುಡ್ಡು ಸುರಿಯಬೇಡಿ. ಮೂರರಿಂದ ಆರು ವಾರಕ್ಕೆ ಮೊಳೆಯುತ್ತದೆ. ಒಂದೇ ಬೀಜದಿಂದ ಎರಡು ಮೂರು ಸಸಿ ಬಂದರೆ ಆಶ್ಚರ್ಯ ಬೇಡ, ಅವು ಬಹುಮಟ್ಟಿಗೆ ತಾಯಿಮರದ ಗುಣವನ್ನೇ ಹೊತ್ತಿರುತ್ತವೆ. ನೆಡುವಾಗ ಮಳೆನೀರು ನಿಲ್ಲದಂತೆ ದಿಣ್ಣೆಯ ಮೇಲೆ ನೆಟ್ಟು ಪಕ್ಕಕ್ಕೆ ಬಸಿಗಾಲುವೆ ತೆಗೆಯಿರಿ. ತೇವ ಇದಕ್ಕೆ ಇಷ್ಟ, ನಿಂತ ನೀರು ಅಲ್ಲ.

ಬೇಲೂರಿನಿಂದ: ಕಪ್ಪಾದ ಹಣ್ಣೂ ಹುಳಿ. ಇಟ್ಟರೆ ಹುಳಿ ಇನ್ನೂ ಹೆಚ್ಚುತ್ತದೆ. ಉಳಿದದ್ದು ಪಿಕಳಾರ, ಮಂಗಗಳ ಪಾಲು.

ಬಣ್ಣ ಮೊದಲು ಬರುತ್ತದೆ, ಸಿಹಿ ಆಮೇಲೆ. ಪೂರ್ತಿ ಕಪ್ಪಾದ ಮೇಲೆ ಮೂರು ನಾಲ್ಕು ದಿನ ಬಿಟ್ಟು, ಬೆರಳಲ್ಲಿ ಒತ್ತಿದಾಗ ಮೆತ್ತಗಾದದ್ದನ್ನು ಕೀಳಿ. ಕಿತ್ತ ಮೇಲೆ ಇದು ಮಾಗುವುದಿಲ್ಲ, ಮೂರು ನಾಲ್ಕು ದಿನದಲ್ಲಿ ಒಳಗೇ ಹುದುಗು ಹಿಡಿಯುತ್ತದೆ. ನಿಮಗೆ ಹೆಚ್ಚಿದ ಹುಳಿ ಅದು. ಮನೆಯಲ್ಲಿ ವೈನ್ ಹಾಕುವವರಿಗೆ ಇದೇ ಅನುಕೂಲ. ತಿನ್ನುವಾಗ ತಿರುಳು ಹೀರಿ ಸಿಪ್ಪೆ ಉಗಿಯಿರಿ. ಸಿಪ್ಪೆ ಒಗರು, ಹೆಚ್ಚು ತಿಂದರೆ ಮಲಬದ್ಧತೆ.

ಹಣ್ಣು ಕಾಂಡಕ್ಕೇ ಅಂಟಿರುವುದರಿಂದ ಇಡೀ ಮರಕ್ಕೆ ಬಲೆ ಬೇಕಿಲ್ಲ. ಹಳೇ ಸೊಳ್ಳೆಪರದೆಯನ್ನು ಫಲವಿರುವ ಕಾಂಡ, ಕೊಂಬೆಗಳಿಗೆ ಸಡಿಲವಾಗಿ ಸುತ್ತಿ ಎರಡೂ ತುದಿ ದಾರದಲ್ಲಿ ಬಿಗಿದರೆ ಪಿಕಳಾರ, ಬಾವಲಿ, ಹಣ್ಣುನೊಣ ಮೂರಕ್ಕೂ ತಡೆ. ಹೂ ಇರುವಾಗ ಸುತ್ತಬೇಡಿ, ಕಾಯಿ ಬಟಾಣಿಯಷ್ಟಾದ ಮೇಲೆ ಸುತ್ತಿ. ಮಂಗ ಆ ಗಂಟನ್ನು ಬಿಚ್ಚುತ್ತದೆ. ಅದಕ್ಕೆ ದಿನ ಬಿಟ್ಟು ದಿನ ಬೆಳಗಿನ ಜಾವವೇ ಮಾಗಿದ್ದನ್ನು ಕಿತ್ತು ಮುಗಿಸುವುದೊಂದೇ ಉಪಾಯ.