ಬೂದಿಗುಡ್ಡದ ನೆರೆಯಲ್ಲಿ ಇತಿಹಾಸದ ಪಾಠ

ಬಳ್ಳಾರಿಯ ಗಡಿ ಹಳ್ಳಿಗಳಲ್ಲಿ, ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಓದುವ ಆರನೆಯ ತರಗತಿಯ ಮಕ್ಕಳಿಗೆ ಆದಿಮಾನವನ ಪಾಠವನ್ನು ಹೇಗೆ ಹೇಳುತ್ತಾರೆ ಎಂದು ತಾವು ಕೇಳಿದ್ದೀರಿ. ಪಠ್ಯದ ಕನ್ನಡ ಕೆಲವರಿಗೆ ತೊಡಕಾಗುವುದು ನಿಜ. ಆದರೆ ಇಲ್ಲಿ ಪಾಠವನ್ನು ಪುಸ್ತಕದಿಂದಲೇ ಆರಂಭಿಸಬೇಕಾಗಿಲ್ಲ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಇದೆ. ಅಲ್ಲಿನ ಬೂದಿ ಎಂದೊಡನೆ ಮಕ್ಕಳಿಗೆ ಮೊದಲು ನೆನಪಾಗುವುದು ಥರ್ಮಲ್ ವಿದ್ಯುತ್ ಸ್ಥಾವರದ ಬೂದಿಯೇ. ನಾವು ತೋರಿಸಬೇಕಾದದ್ದು ಅದಕ್ಕಿಂತ ಸಾವಿರಾರು ವರ್ಷ ಹಳೆಯ ಬೂದಿದಿಬ್ಬವನ್ನು. ಹಂಪಿಯ ಬಳಿಯ ನಿಂಬಾಪುರದ ಇಂಥದೇ ದಿಬ್ಬವನ್ನು ಜನರು ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಆ ಕಥೆಯನ್ನು ಮಕ್ಕಳಿಂದಲೇ ಹೇಳಿಸಿ, ಅದನ್ನು ಅಲ್ಲಗಳೆಯುವ ಆತುರ ತೋರದೆ, ಇಷ್ಟು ಬೂದಿಯಾಗಲು ಏನು ಉರಿದಿರಬೇಕು ಎಂದು ಕೇಳುವುದು ಒಳ್ಳೆಯದು. ಕೊಟ್ಟಿಗೆ, ತಿಪ್ಪೆ, ಕುಳ್ಳುಗಳ ನಡುವೆ ಬೆಳೆದ ಮಕ್ಕಳು ಸಗಣಿ ಎಂಬ ಉತ್ತರಕ್ಕೆ ಬರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ನವಶಿಲಾಯುಗದ, ಎಂದರೆ ಉಜ್ಜಿ ನಯಗೊಳಿಸಿದ ಕಲ್ಲಿನ ಆಯುಧಗಳ ಕಾಲದ, ದನಗಾಹಿಗಳು ದೊಡ್ಡಿಯಲ್ಲಿ ಕೂಡಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಉಳಿದ ರಾಶಿಗಳಿವು. ಈಗ ತೆಲಂಗಾಣಕ್ಕೆ ಸೇರಿದ, ಮಕ್ತಲ್ ಕಡೆಯ ಉತ್ನೂರಿನಲ್ಲಿ 1957ರಲ್ಲಿ ಪುರಾತತ್ತ್ವಜ್ಞ ಆಲ್ಚಿನ್ ಉತ್ಖನನ ನಡೆಸಿದಾಗ ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳೇ ದೊರೆತವು. ಭೂಪಟದಲ್ಲಿ ರಾಜ್ಯದ ಗೆರೆಯ ಎರಡೂ ಬದಿಗೆ ಇಂಥ ದಿಬ್ಬಗಳನ್ನು ಗುರುತಿಸಿದರೆ, ತೆಲುಗು ಮನೆಯ ಮಗುವಿಗೂ ಕನ್ನಡ ಮನೆಯ ಮಗುವಿಗೂ ಇದು ಒಂದೇ ಊರಿನ ಇತಿಹಾಸವಾಗಿ ಕಾಣುತ್ತದೆ.

ಬಳಿಕ ಬಳ್ಳಾರಿಯ ಹತ್ತಿರದ ನವಶಿಲಾಯುಗದ ನೆಲೆ ಸಂಗನಕಲ್ಲು. ಅಲ್ಲಿನ ಹಿರೇಗುಡ್ಡದಲ್ಲಿ ಗ್ರಾನೈಟಿನ ನಡುವೆ ಹಾಯ್ದುಹೋಗಿರುವ ಕಪ್ಪು ಡಾಲರೈಟ್ ಶಿಲೆಯಿಂದ ಅಂದಿನ ಜನರು ಕೊಡಲಿಗಳನ್ನು ಮಾಡುತ್ತಿದ್ದರು. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ತಗ್ಗುಗಳಿಗೆ ಮಕ್ಕಳು ಕೈಯಿಟ್ಟು ನೋಡಬಹುದು. ಬಿದ್ದಿರುವ ಕಲ್ಲುಚೂರನ್ನು ಮಾತ್ರ ಜೇಬಿಗೆ ಹಾಕಿಕೊಳ್ಳಲು ಬಿಡಬಾರದು, ಏಕೆಂದರೆ ಅದು ಎಲ್ಲಿ ಬಿದ್ದಿತ್ತೆಂಬುದೇ ಸಂಶೋಧಕರಿಗೆ ಅರ್ಧ ಸಾಕ್ಷ್ಯ. ಕಲ್ಲುಗಣಿಗಾರಿಕೆಯಿಂದ ಇಲ್ಲಿ ಈಗಾಗಲೇ ಆದ ಹಾನಿ ಸಾಕಷ್ಟಿದೆ. ಈ ಜನರು ಹುರುಳಿ, ಹೆಸರು, ಕೊರಲೆ ಬೆಳೆಯುತ್ತಿದ್ದರೆಂದಾಗ ತರಗತಿಯಲ್ಲಿ ಅಡುಗೆಮನೆಯ ಮಾತು ಶುರುವಾಗುತ್ತದೆ, ಅದನ್ನು ತಡೆಯಬೇಡಿ.

ಹರಪ್ಪ, ಮೆಸೊಪಟೇಮಿಯ, ಈಜಿಪ್ಟುಗಳ ಅಧ್ಯಾಯಕ್ಕೆ ಬಂದಾಗ ಒಂದು ಎಚ್ಚರ ಬೇಕು. ಕ್ರಿ.ಪೂ. 2600ರಿಂದ 1900ರವರೆಗೆ ಸಿಂಧೂ ಕಣಿವೆಯಲ್ಲಿ ಇಟ್ಟಿಗೆಯ ನಗರಗಳೂ ಚರಂಡಿಗಳೂ ಇದ್ದಾಗ ನಮ್ಮ ಕಡೆ ಕಲ್ಲಿನ ಕೊಡಲಿಯೇ ಇತ್ತೆಂದು ಕೇಳಿದ ಮಗು, ನಮ್ಮವರು ದಡ್ಡರಾಗಿದ್ದರೇ ಎಂದು ಕೇಳದೆ ಇರುವುದಿಲ್ಲ. ಪುಸ್ತಕವು ಯುಗಗಳನ್ನು ಮೆಟ್ಟಿಲಿನಂತೆ ಜೋಡಿಸಿರುವುದೇ ಇದಕ್ಕೆ ಕಾರಣ. ಮಳೆ ಕಡಿಮೆಯಾದ ಈ ಕಲ್ಲುನೆಲದಲ್ಲಿ ದನ ಸಾಕಿ, ಒಣಭೂಮಿಯ ಕಾಳು ಬೆಳೆದು ಬದುಕುವುದಕ್ಕೆ ಬೇರೆಯೇ ತಿಳಿವಳಿಕೆ ಬೇಕಿತ್ತೆಂಬುದನ್ನು ಎರಡೂ ಕಡೆಯ ಕಾಲರೇಖೆಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದೇ ವಿವರಿಸಬೇಕು.

ಭಾರತದ ಆದಿಮಾನವನ ಕಲ್ಲಿನ ಆಯುಧಗಳನ್ನು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯ ಬಳ್ಳಾರಿ ನಗರದಲ್ಲೇ ಇದೆ. ಮಕ್ಕಳನ್ನು ಗುಡ್ಡ ತೋರಿಸಿದ ಮೇಲೆ ಅಲ್ಲಿಗೆ ಕರೆದೊಯ್ಯಿರಿ. ಕಪ್ಪು ಶಿಲೆಯನ್ನು ಕಣ್ಣಾರೆ ಕಂಡವರು ಗಾಜಿನ ಹಿಂದಿನ ಕೊಡಲಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ.