ಆ ಮೂಗು ನಿಮ್ಮ ಮನೆಯದು

ಪ್ರಶ್ನೆ: ನನ್ನ ಮಗಳಿಗೆ ಹದಿನೈದು ವರ್ಷ. ಫಿಲ್ಟರ್ ಇಲ್ಲದೆ ಒಂದು ಫೋಟೊಕ್ಕೂ ನಿಲ್ಲುವುದಿಲ್ಲ. ಮೂಗು ದಪ್ಪ ಅಂತ ಕನ್ನಡಿ ಮುಂದೆಯೇ ಇರುತ್ತಾಳೆ. ದೊಡ್ಡವಳಾದ ಮೇಲೆ ಆಪರೇಷನ್ ಮಾಡಿಸಿಕೊಳ್ಳುತ್ತಾಳಂತೆ. ‘ನೀನು ಚೆನ್ನಾಗೇ ಇದ್ದೀಯ’ ಅಂದರೆ, ‘ನೀನು ಅಮ್ಮ, ಇನ್ನೇನು ಹೇಳ್ತೀಯ’ ಅನ್ನುತ್ತಾಳೆ. ಅವಳು ನೋಡುವುದೆಲ್ಲ ತಿದ್ದಿದ ಫೋಟೊಗಳು ಅಂತ ತಿಳಿಸಿ ಹೇಳಿದರೆ ಸಾಕಾ? ಆ ಮೂಗು ನನ್ನದೇ, ನಮ್ಮ ತಂದೆಯಿಂದ ಬಂದದ್ದು. ನನಗೂ ಫೋಟೊ ಅಂದರೆ ಆಗುವುದಿಲ್ಲ ಬಿಡಿ, ಅದು ಬೇರೆ ವಿಷಯ.

ಉತ್ತರ: ತಾಯಿ, ಆ ‘ಬೇರೆ ವಿಷಯ’ಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಪ್ರಶ್ನೆ. ತಿಳಿಸಿ ಹೇಳಿದರೆ ಸಾಕಾಗುವುದಿಲ್ಲ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಈ ಅಂಕಣಕ್ಕೆ ಬರುವ ಮುಂಚೆ ಹದಿನಾಲ್ಕು ವರ್ಷ ಫೋಟೊ ಟಚಪ್ ಮಾಡುವುದೇ ನನ್ನ ಕೆಲಸ. ಮುಖಪುಟ, ಜಾಹೀರಾತು, ಏನಿದ್ದರೂ ನನ್ನ ಟೇಬಲ್ಲಿಗೆ ಬರುತ್ತಿತ್ತು. ಕುತ್ತಿಗೆಯನ್ನು ಸ್ವಲ್ಪ ಮೇಲಕ್ಕೆ ಎಳೆಯುವುದು, ಸೊಂಟವನ್ನು ಒಳಕ್ಕೆ ತಳ್ಳುವುದು, ಕಣ್ಣ ಕೆಳಗಿನ ಕಪ್ಪು ಅಳಿಸುವುದು, ಚರ್ಮದ ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚುವುದು. ಎಲ್ಲವನ್ನೂ ಈ ಕೈಯಲ್ಲೇ ಮಾಡುತ್ತಿದ್ದೆ. ಆದರೂ ರಾತ್ರಿ ಮನೆಗೆ ಹೋಗಿ ಕನ್ನಡಿ ನೋಡಿದರೆ ನನ್ನ ಕುತ್ತಿಗೆ ಗಿಡ್ಡ ಅನ್ನಿಸುತ್ತಿತ್ತು. ಆ ಉದ್ದ ಕುತ್ತಿಗೆ ಸುಳ್ಳು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು ಹೇಳಿ? ತಲೆಗೆ ಗೊತ್ತಿರುತ್ತದೆ, ಆದರೆ ಕಣ್ಣು ಕೇಳುವುದಿಲ್ಲ. ದಿನವೂ ಯಾವುದನ್ನು ಜಾಸ್ತಿ ನೋಡುತ್ತದೋ ಅದನ್ನೇ ಸರಿ ಅಂದುಕೊಳ್ಳುತ್ತದೆ.

ಫ್ರಾನ್ಸ್ 2017ರಲ್ಲಿ, ನಾರ್ವೆ 2022ರಲ್ಲಿ ಒಂದು ಕಾನೂನು ಜಾರಿಗೆ ತಂದವು. ಜಾಹೀರಾತಿನಲ್ಲಿ ಮಾಡೆಲ್‌ಗಳ ಮೈಕಟ್ಟು ತಿದ್ದಿದ್ದರೆ ‘ಇದು ತಿದ್ದಿದ ಫೋಟೊ’ ಅಂತ ಬರೆಯಲೇಬೇಕು. ನನಗೆ ತುಂಬ ಸಂತೋಷವಾಗಿತ್ತು. ಆದರೆ ಇಂಥ ಸೂಚನೆ ಓದಿದ ಹೆಣ್ಣುಮಕ್ಕಳಿಗೆ ತಮ್ಮ ಮೈ ಬಗ್ಗೆ ಇರುವ ಬೇಸರ ಕಡಿಮೆ ಆಗುತ್ತದಾ ಅಂತ ಮನಶ್ಶಾಸ್ತ್ರದವರು ಮತ್ತೆ ಮತ್ತೆ ಪರೀಕ್ಷೆ ಮಾಡಿದ್ದಾರೆ. ಹೆಚ್ಚಿನ ಪರೀಕ್ಷೆಗಳಲ್ಲಿ ಏನೂ ಉಪಯೋಗ ಕಾಣಲಿಲ್ಲ. ಕಾನೂನು ಇರಲಿ, ಬೇಡ ಅನ್ನುವುದಿಲ್ಲ. ಅದನ್ನೇ ನಂಬಿ ಕೂರಬೇಡಿ ಅಷ್ಟೆ.

ಕಣ್ಣು ಎಷ್ಟು ಬೇಗ ಬದಲಾಗುತ್ತದೆ ಅನ್ನುವುದಕ್ಕೆ ಫಿಜಿ ದ್ವೀಪದ ಕತೆ ಕೇಳಿ. ಅಲ್ಲಿ ಮೈಕೈ ತುಂಬಿಕೊಂಡಿರುವುದೇ ಚೆಂದ ಅನ್ನುವ ಕಾಲವಿತ್ತು. 1995ರಲ್ಲಿ ನದ್ರೋಗ ಅನ್ನುವ ಕಡೆಗೆ ಟಿವಿ ಬಂತು. ಆ್ಯನ್ ಬೆಕರ್ ಎಂಬ ಸಂಶೋಧಕಿ ಆಗ ಒಮ್ಮೆ, 1998ರಲ್ಲಿ ಇನ್ನೊಮ್ಮೆ ಅಲ್ಲಿನ ಹೈಸ್ಕೂಲು ಹುಡುಗಿಯರನ್ನು ಮಾತಾಡಿಸಿದರು. ಎರಡನೇ ಸಲ ನೂರಕ್ಕೆ 74 ಹುಡುಗಿಯರು, ಒಂದಲ್ಲ ಒಂದು ಹೊತ್ತಿನಲ್ಲಿ ‘ನಾನು ತೀರಾ ದಪ್ಪ’ ಅನ್ನಿಸುತ್ತದೆ ಅಂದರು. ಟಿವಿಯಲ್ಲಿ ಕಂಡ ಪಾತ್ರಗಳ ಹಾಗೆ ಆಗಬೇಕು ಅಂತಲೂ ಹೇಳಿದರು. ಬರೀ ಮೂರು ವರ್ಷ! ನಿಮ್ಮ ಮಗಳ ಕೈಯಲ್ಲಿ ಇರುವುದು ಟಿವಿಗಿಂತ ಹತ್ತಿರದ ಪರದೆ. ಅದರಲ್ಲಿ ಅವಳದೇ ಮುಖ ಸಣ್ಣ ಮೂಗು ಇಟ್ಟುಕೊಂಡು ಅವಳನ್ನು ನೋಡುತ್ತದೆ. ಪಾಪ, ಆ ಮಗು ಪರರ ಜೊತೆ ಅಲ್ಲ, ತನ್ನ ಜೊತೆಗೇ ಹೋಲಿಸಿಕೊಂಡು ಸೋಲುತ್ತಿದೆ.

ಒಂದು ಕೆಲಸ ಮಾಡಿ. ಅವಳನ್ನು ಜೊತೆಗೆ ಕೂರಿಸಿಕೊಂಡೇ ಮಾಡಿ. ಮುಖದಿಂದ ಒಂದು ಅಡಿ ದೂರದಲ್ಲಿ ಫೋನ್ ಹಿಡಿದು ಒಂದು ಫೋಟೊ ತೆಗೆಯಿರಿ. ಆಮೇಲೆ ಐದು ಅಡಿ ಹಿಂದೆ ಹೋಗಿ ಇನ್ನೊಂದು. ಎರಡನೆಯದನ್ನು ಜೂಮ್ ಮಾಡಿ, ಮುಖ ಒಂದೇ ಅಳತೆಗೆ ಬರುವ ಹಾಗೆ ಅಕ್ಕಪಕ್ಕ ಇಡಿ. ಹತ್ತಿರದ್ದರಲ್ಲಿ ಮೂಗು ದಪ್ಪ ಕಾಣುತ್ತದೆ. ಲೆನ್ಸಿಗೆ ಹತ್ತಿರ ಇರುವುದು ದೊಡ್ಡದಾಗಿಯೇ ಕಾಣಬೇಕಲ್ಲ. ಅಮೆರಿಕದ ವೈದ್ಯರು 2018ರಲ್ಲಿ ಇದರ ಲೆಕ್ಕವನ್ನೇ ಹಾಕಿ ತೋರಿಸಿದರು. ಒಂದು ಅಡಿಯ ಸೆಲ್ಫಿಯಲ್ಲಿ ಮೂಗಿನ ಅಗಲ ಸುಮಾರು ನೂರಕ್ಕೆ 30ರಷ್ಟು ಜಾಸ್ತಿ ಕಾಣುತ್ತದೆ. ಸೆಲ್ಫಿ ಹಿಡಿದುಕೊಂಡು ಬಂದು ಮೂಗು ಸಣ್ಣ ಮಾಡಿ ಅನ್ನುವವರು ಹೆಚ್ಚಾದರು ಅಂತಲೇ ಅವರು ಈ ಲೆಕ್ಕಕ್ಕೆ ಕೂತದ್ದು. ಇದನ್ನು ನೀವು ಬಾಯಲ್ಲಿ ಹೇಳಬೇಡಿ. ಅವಳೇ ನೋಡಲಿ.

ಫೋನ್ ಕಿತ್ತುಕೊಳ್ಳಲೂ ಬೇಡಿ. ಹೊತ್ತು ಕಡಿಮೆ ಮಾಡುವ ಮಾತಾಡಿ. ಕೆನಡಾದ ಒಂದು ಅಧ್ಯಯನದಲ್ಲಿ 17ರಿಂದ 25 ವರ್ಷದವರು ಮೂರು ವಾರ ಸೋಷಿಯಲ್ ಮೀಡಿಯಾವನ್ನು ದಿನಕ್ಕೆ ಒಂದು ಗಂಟೆಗೆ ಇಳಿಸಿದಾಗ, ತಮ್ಮ ರೂಪದ ಬಗ್ಗೆ ಮೊದಲಿಗಿಂತ ಸಮಾಧಾನ ಬಂತು. ನಿಮ್ಮ ಮಗಳು ಇನ್ನೂ ಚಿಕ್ಕವಳು, ಒಬ್ಬಳೇ ಬಿಟ್ಟರೆ ಕಷ್ಟ. ನೀವೂ ಅವಳ ಜೊತೆ ಇಳಿಸಿ. ಹಾಗೆಯೇ ಅವಳ ಹಾಗೆ ಮೂಗು, ಬಣ್ಣ, ಮೈಕಟ್ಟು ಇರುವವರನ್ನು ಅವಳು ಎಲ್ಲಿ ನೋಡುತ್ತಾಳೆ ಅಂತ ಒಮ್ಮೆ ಗಮನಿಸಿ. ನಗಿಸುವ ಪಾತ್ರದಲ್ಲಿ, ನಾಯಕಿಯ ಗೆಳತಿಯಾಗಿ, ಇಷ್ಟರಲ್ಲೇ ಕಂಡರೆ ತನ್ನ ಜಾಗವೂ ಅಷ್ಟೇ ಅಂತ ಮಗು ಅಂದುಕೊಳ್ಳುತ್ತದೆ. ನನಗೆ ಮೂಗಿಗಿಂತ ಈ ಚಿಂತೆಯೇ ಜಾಸ್ತಿ.

ಇನ್ನು ಆ ‘ಬೇರೆ ವಿಷಯ’. ಒಮ್ಮೆ ಒಬ್ಬಳು ಮಾಡೆಲ್ ಹುಡುಗಿ ನಮ್ಮ ಆಫೀಸಿಗೇ ಬಂದಿದ್ದಳು. ನಾನು ತಿದ್ದಿದ ಅವಳ ಫೋಟೊ ಸ್ಕ್ರೀನಿನಲ್ಲಿತ್ತು. ಸುಮ್ನೆ ನೋಡುತ್ತಾ ನಿಂತವಳು, ‘ನನ್ನ ಮಚ್ಚೆ ಎಲ್ಲಿ ಹೋಯ್ತಕ್ಕಾ?’ ಅಂದಳು. ಗಲ್ಲದ ಮೇಲಿನ ಸಣ್ಣ ಮಚ್ಚೆ. ನಾನೇ ಅಳಿಸಿದ್ದೆ. ‘ನಮ್ಮಮ್ಮನಿಗೂ ಅಲ್ಲೇ ಇದೆ’ ಅಂದಳು. ನನಗೆ ಮಾತೇ ಹೊರಡಲಿಲ್ಲ. ಆ ಮಚ್ಚೆಯನ್ನು ವಾಪಸ್ ಇಟ್ಟೆ. ಮೇಲಿನವರು ಒಪ್ಪಲಿಲ್ಲ, ಅಚ್ಚಾಗುವ ಹೊತ್ತಿಗೆ ಮತ್ತೆ ಹೋಗಿತ್ತು. ಆ ಕೆಲಸ ಬಿಡುವ ಯೋಚನೆ ನನಗೆ ಶುರುವಾಗಿದ್ದು ಆ ದಿನ.

ನಿಮ್ಮ ಮಗಳ ಮೂಗು ನಿಮ್ಮದು, ಅಜ್ಜನದು. ಆ ಮೂಗಿರುವ ನೀವೇ ಕ್ಯಾಮೆರಾ ಕಂಡರೆ ಪಕ್ಕಕ್ಕೆ ಸರಿಯುತ್ತೀರಿ. ಅವಳು ಅದನ್ನು ಹದಿನೈದು ವರ್ಷದಿಂದ ನೋಡುತ್ತಿದ್ದಾಳೆ ಅಲ್ವಾ? ನಿಮ್ಮನ್ನು ದೂರುತ್ತಿಲ್ಲ ತಾಯಿ. ನಿಮ್ಮ ಕಣ್ಣನ್ನೂ ಯಾರೋ ಹೀಗೇ ಪಳಗಿಸಿದ್ದಾರೆ. ಅಜ್ಜನ ಒಂದು ಹಳೆಯ ಫೋಟೊ ಹುಡುಕಿ ತೆಗೆಯಿರಿ. ಅದನ್ನು ಕೈಯಲ್ಲಿ ಹಿಡಿದು ನೀವಿಬ್ಬರೂ ಒಂದು ಫೋಟೊ ತೆಗೆಸಿಕೊಳ್ಳಿ. ಮೊದಲು ನೀವು ನಿಲ್ಲಿ.

ಅವಳು ಊಟ ಬಿಡುತ್ತಿದ್ದರೆ, ಹೊರಗೆ ಹೋಗುವುದನ್ನೇ ನಿಲ್ಲಿಸಿದರೆ ಮಾತ್ರ ತಡ ಮಾಡಬೇಡಿ. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: ವಯಸ್ಸು 19. ಎರಡು ವರ್ಷ ಜಿಮ್ ಮಾಡಿದರೂ ಹೀರೋಗಳ ಥರ ತೋಳು ಬರುತ್ತಿಲ್ಲ. ಸ್ನೇಹಿತ ಇಂಜೆಕ್ಷನ್ ತಗೋ ಅಂತಾನೆ. ತಗೋಬಹುದಾ?

ಉತ್ತರ: ಬೇಡ ತಮ್ಮಾ. ಆ ಇಂಜೆಕ್ಷನ್ ಸ್ಟಿರಾಯ್ಡ್ ಆಗಿದ್ದರೆ ಹೃದಯಕ್ಕೂ ಪೆಟ್ಟು, ಮುಂದೆ ಮಕ್ಕಳಾಗುವುದಕ್ಕೂ ತೊಂದರೆ. ಜಿ.ಐ. ಜೋ ಅನ್ನುವ ಸೈನಿಕನ ಆಟಿಕೆ ಇದೆ. ಅದನ್ನು ನಿಜವಾದ ಗಂಡಸಿನ ಎತ್ತರಕ್ಕೆ ಹಿಗ್ಗಿಸಿದರೆ 1964ರ ಬೊಂಬೆಯ ತೋಳಿನ ಸುತ್ತಳತೆ ಸುಮಾರು 12 ಇಂಚು. 1990ರ ದಶಕದಲ್ಲಿ ಬಂದ ಒಂದು ಬೊಂಬೆಯದು ಸುಮಾರು 27 ಇಂಚು! ಇಂಥ ಬೊಂಬೆ ಹಿಡಿದು ಆಡಿದ ಹುಡುಗರಿಗೆ ತಮ್ಮ ತೋಳು ಸಾಲದು ಅನ್ನಿಸದೆ ಇರುತ್ತದಾ? ಇನ್ನು ಹೀರೋ ಫೋಟೊದ ವಿಷಯ. ಶೂಟಿಂಗಿಗೆ ಮುಂಚೆ ನೀರು ಕಡಿಮೆ ಕುಡಿಯುತ್ತಾರೆ, ಕ್ಯಾಮೆರಾ ಹಿಂದೆ ದಂಡ ಹೊಡೆದು ತೋಳು ಉಬ್ಬಿಸಿಕೊಳ್ಳುತ್ತಾರೆ, ಎಣ್ಣೆ ಹಚ್ಚಿ ಪಕ್ಕದಿಂದ ಲೈಟ್ ಬಿಡುತ್ತಾರೆ. ಉಳಿದ ನೆರಳನ್ನು ನನ್ನಂಥವರು ಕಪ್ಪು ಮಾಡುತ್ತಿದ್ದೆವು. ಆ ತೋಳು ಆ ಹೀರೋಗೂ ಮಾರನೇ ದಿನ ಇರುವುದಿಲ್ಲ. ಎರಡು ವರ್ಷದ ಹಿಂದೆ ಎಷ್ಟು ತೂಕ ಎತ್ತುತ್ತಿದ್ದೆ, ಈಗ ಎಷ್ಟು ಎತ್ತುತ್ತೀಯ? ಎರಡನ್ನೂ ಒಂದು ಚೀಟಿಯಲ್ಲಿ ಬರೆದು ನನಗೆ ಕಳಿಸು.